ಅಣುಚಿತ್ರಗಳ ಹಿಂದಿರುವ ವ್ಯಾಖ್ಯೆಗಳು: ರೇಷ್ಮೆಯ ಎಳೆಯಿಂದ ಒಂದು ಪಾಠ

ದೊಡ್ಡಬಳ್ಳಾಪುರದ ಮಗ್ಗದ ಕೇರಿಗಳಲ್ಲಿ ‘ಡೆನಿಯರ್’ ಎಂಬ ಮಾತನ್ನು ಅರಿಯದವರು ವಿರಳ. ಒಂಬತ್ತು ಸಾವಿರ ಮೀಟರು ಉದ್ದದ ನೂಲು ಎಷ್ಟು ಗ್ರಾಂ ತೂಗುವುದೋ ಅದು ಅಷ್ಟು ಡೆನಿಯರಿನ ನೂಲು. ಗೂಡಿನಿಂದ ನೂಲು ಬಿಚ್ಚುವವನು, ಹುರಿ ಹಾಕುವವನು, ನೇಯುವವನು, ಕೊಳ್ಳುವವನು, ಈ ನಾಲ್ವರೂ ಒಬ್ಬರನ್ನೊಬ್ಬರು ಕಾಣದೆಯೂ ನಂಬಿಕೆಯಿಂದ ವ್ಯವಹರಿಸುತ್ತಿರುವುದಕ್ಕೆ ಆ ಒಂದು ಮಾತಿನ ಅರ್ಥವು ಎಲ್ಲರಿಗೂ ಒಂದೇ ಆಗಿರುವುದೇ ಕಾರಣ. ಹತ್ತು ಸಾವಿರ ಮೀಟರಿಗೆ ಲೆಕ್ಕ ಹಿಡಿಯುವ ಡೆಸಿಟೆಕ್ಸ್ ಎಂಬ ಬೇರೊಂದು ಮಾನವೂ ಜವಳಿ ಲೋಕದಲ್ಲಿ ಬಳಕೆಯಲ್ಲಿದೆ. 20 ಡೆನಿಯರಿನ ನೂಲು ಆ ಲೆಕ್ಕದಲ್ಲಿ 22ಕ್ಕೂ ಸ್ವಲ್ಪ ಹೆಚ್ಚು. ನೂಲು ಬದಲಾಗಿಲ್ಲ, ಅದನ್ನು ಅಳೆದ ವ್ಯಾಖ್ಯೆ ಬದಲಾಗಿದೆ. ಎರಡು ಮಾನಗಳಲ್ಲಿ ಯಾವುದೂ ತಪ್ಪಲ್ಲ. ಆದರೆ ಚೀಟಿಯ ಮೇಲೆ ಬರಿಯ ಸಂಖ್ಯೆಯನ್ನು ಬರೆದು ಮಾನದ ಹೆಸರನ್ನು ಬಿಟ್ಟರೆ ಜಗಳಕ್ಕೆ ಅದೇ ಮೂಲವಾಗುತ್ತದೆ.

ಇದೇ ಪ್ರಶ್ನೆ ವಿಜ್ಞಾನದಲ್ಲಿ ಇನ್ನೂ ಸೂಕ್ಷ್ಮವಾದ ರೂಪದಲ್ಲಿ ಎದುರಾಗುತ್ತದೆ. ಇಂದಿನ ವಿದ್ಯಾರ್ಥಿಯು ಅಣುಗಳ ಒಳರಚನೆಯನ್ನು ಗಣಕಯಂತ್ರದ ತೆರೆಯ ಮೇಲೆ ಬಣ್ಣಬಣ್ಣದ ಚಿತ್ರವಾಗಿ ಕಾಣುತ್ತಾನೆ. ಆ ಚಿತ್ರವನ್ನು ಬರೆಯುವ ತಂತ್ರಾಂಶಗಳಲ್ಲಿ ಹಲವು ಮುಕ್ತ ತಂತ್ರಾಂಶಗಳಾಗಿವೆ; ಅಂದರೆ ಅವುಗಳ ಮೂಲಪಾಠವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಯಾವ ಪರಮಾಣುವಿಗೆ ಯಾವ ಗಾತ್ರ, ಯಾವ ಎರಡರ ನಡುವೆ ಬಂಧವನ್ನು ಎಳೆಯಬೇಕು, ಯಾವ ಅಮೈನೋ ಆಮ್ಲವನ್ನು ಯಾವ ಗುಂಪಿಗೆ ಸೇರಿಸಬೇಕು ಎಂಬ ನೂರಾರು ವ್ಯಾಖ್ಯೆಗಳು ಆ ಮೂಲಪಾಠದೊಳಗೆ ಅಡಗಿವೆ. ಚಿತ್ರವನ್ನು ನೋಡುವವನಿಗೆ ಅವು ಕಾಣುವುದಿಲ್ಲ. ಅವನ್ನು ಕಾಪಾಡುವ ಕಾರ್ಯದ ಸ್ವರೂಪವನ್ನು, ಈ ಜಿಲ್ಲೆಯ ಮಕ್ಕಳಿಗೆ ಚಿರಪರಿಚಿತವಾದ ರೇಷ್ಮೆಯ ಉದಾಹರಣೆಯಿಂದ, ವಿವರಿಸುವುದು ಈ ಲೇಖನದ ಉದ್ದೇಶ.

ರೇಷ್ಮೆಯ ಎಳೆಯ ಒಳಗೆ

ದೇವನಹಳ್ಳಿಯಲ್ಲಿ ಜನಿಸಿದ ಟಿಪ್ಪು ಸುಲ್ತಾನನು ಮೈಸೂರು ಸೀಮೆಯಲ್ಲಿ ರೇಷ್ಮೆ ಕೃಷಿಗೆ ಪ್ರೋತ್ಸಾಹವಿತ್ತ ಸಂಗತಿ ಪ್ರಸಿದ್ಧವಾಗಿದೆ. ಅದೇ ತಾಲ್ಲೂಕಿನ ವಿಜಯಪುರದ ಸುತ್ತಮುತ್ತ ಹಿಪ್ಪುನೇರಳೆಯ ತೋಟಗಳೂ ಹುಳು ಸಾಕುವ ಮನೆಗಳೂ ಇಂದಿಗೂ ಇವೆ. ಹುಳುವು ಸುತ್ತಿಕೊಳ್ಳುವ ಗೂಡಿನ ಎಳೆಯಲ್ಲಿ ಎರಡು ಪ್ರೋಟೀನುಗಳಿವೆ. ಹೊರಗಿನ ಅಂಟು ಸೆರಿಸಿನ್. ಬಿಸಿನೀರಿನಲ್ಲಿ ಸಡಿಲವಾಗುವುದು ಅದು. ಒಳಗಿನ ಗಟ್ಟಿ ನಾರು ಫೈಬ್ರಾಯಿನ್. ಸೀರೆಗೆ ಹೊಳಪನ್ನೂ ಬಲವನ್ನೂ ಕೊಡುವುದು ಈ ಎರಡನೆಯದು.

ಪ್ರೋಟೀನು ಎಂದರೆ ಅಮೈನೋ ಆಮ್ಲಗಳೆಂಬ ಮಣಿಗಳನ್ನು ಪೋಣಿಸಿದ ಸರ. ಫೈಬ್ರಾಯಿನಿನ ದೊಡ್ಡ ಸರದಲ್ಲಿ 5,263 ಮಣಿಗಳಿವೆ. ಅವುಗಳಲ್ಲಿ ನೂರಕ್ಕೆ 45.9 ಗ್ಲೈಸೀನ್, 30.3 ಅಲನೀನ್, 12.1 ಸೆರೀನ್, 5.3 ಟೈರೋಸೀನ್, 1.8 ವ್ಯಾಲೀನ್, ಉಳಿದವೆಲ್ಲ ಸೇರಿ ಐದಕ್ಕೂ ಕಡಿಮೆ. ಸರದ ಬಹುಭಾಗದಲ್ಲಿ ಗ್ಲೈಸೀನ್, ಅಲನೀನ್, ಗ್ಲೈಸೀನ್, ಅಲನೀನ್, ಗ್ಲೈಸೀನ್, ಸೆರೀನ್ ಎಂಬ ಆರು ಮಣಿಗಳ ಆವರ್ತನೆ ಮತ್ತೆ ಮತ್ತೆ ಬರುತ್ತದೆ. 1955ರಲ್ಲಿ ಮಾರ್ಷ್, ಕೋರಿ ಮತ್ತು ಪೌಲಿಂಗ್ ಅವರು ಕ್ಷಕಿರಣಗಳ ನೆರವಿನಿಂದ ಈ ಸರಗಳ ಜೋಡಣೆಯನ್ನು ವಿವರಿಸಿದರು. ಅಕ್ಕಪಕ್ಕದ ಸರಗಳು ಜಲಜನಕ ಬಂಧಗಳಿಂದ ಕೂಡಿ ಹಾಳೆಗಳಾಗುತ್ತವೆ. ಹಾಳೆಗಳು ಒಂದರ ಮೇಲೊಂದು ಅಡಕವಾಗುತ್ತವೆ. ಗ್ಲೈಸೀನಿನ ಮುಖಗಳು ಎದುರುಬದುರಾದ ಕಡೆ ಹಾಳೆಗಳ ನಡುವಿನ ಅಂತರ ಸುಮಾರು 3.5 ಆಂಗ್‌ಸ್ಟ್ರಾಂ, ಅಲನೀನಿನ ಮುಖಗಳಿರುವ ಕಡೆ ಸುಮಾರು 5.7. ಒಂದು ಆಂಗ್‌ಸ್ಟ್ರಾಂ ಎಂದರೆ ಸೆಂಟಿಮೀಟರಿನ ಹತ್ತು ಕೋಟಿಯಲ್ಲೊಂದು ಪಾಲು.

ಇಷ್ಟು ಸೂಕ್ಷ್ಮವಾದ ಜೋಡಣೆಯನ್ನು ಕಣ್ಣಿಗೆ ತೋರಿಸಲು ಚಿತ್ರವೇ ಬೇಕು. 1971ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ಪ್ರೋಟೀನ್ ದತ್ತಕೋಶವು ಸ್ಥಾಪಿತವಾಗಿ, ಅಣುರಚನೆಗಳ ಪರಮಾಣು ಸ್ಥಾನಗಳನ್ನು ಎಲ್ಲರಿಗೂ ದೊರಕಿಸಿತು. ಏಳು ರಚನೆಗಳಿಂದ ಆರಂಭವಾದ ಆ ಕೋಶದಲ್ಲಿ 2023ರ ವೇಳೆಗೆ ಎರಡು ಲಕ್ಷಕ್ಕೂ ಹೆಚ್ಚು ರಚನೆಗಳು ಸೇರಿದವು. 1993ರಲ್ಲಿ ರೋಜರ್ ಸೇಲ್ ಅವರು ರಾಸ್‌ಮೋಲ್ ಎಂಬ ತಂತ್ರಾಂಶವನ್ನು ಮೂಲಪಾಠ ಸಮೇತ ಉಚಿತವಾಗಿ ಬಿಡುಗಡೆ ಮಾಡಿದ ಮೇಲೆ, ಸಾಮಾನ್ಯ ಗಣಕಯಂತ್ರದಲ್ಲಿಯೂ ಅಣುಗಳನ್ನು ತಿರುಗಿಸಿ ನೋಡುವುದು ಸಾಧ್ಯವಾಯಿತು. ಮುಂದೆ ಬಂದ ಜೆಮೋಲ್ ಎಂಬ ತಂತ್ರಾಂಶವು ರಾಸ್‌ಮೋಲಿನ ಆಜ್ಞೆಗಳನ್ನೂ ಗುಂಪುಗಳ ಹೆಸರುಗಳನ್ನೂ ಮುಂದುವರಿಸಿಕೊಂಡು ಬೆಳೆಯಿತು.

ಒಂದು ಪದ, ಎರಡು ಪಟ್ಟಿ

ನೀರಿನ ಸಂಗವನ್ನು ಒಲ್ಲದ ಅಮೈನೋ ಆಮ್ಲಗಳನ್ನು ಜಲವಿಮುಖಿ ಎಂದು ಕರೆಯಬಹುದು. ಎಣ್ಣೆಯು ನೀರಿನೊಡನೆ ಬೆರೆಯದೆ ಬೇರೆ ನಿಲ್ಲುವಂತೆ, ಇವು ಪ್ರೋಟೀನಿನ ಒಳಭಾಗದಲ್ಲಿ ಒತ್ತಾಗಿ ಸೇರುವ ಸ್ವಭಾವದವು. ರಾಸ್‌ಮೋಲ್ ಮತ್ತು ಜೆಮೋಲ್‌ಗಳಲ್ಲಿ ಈ ಗುಂಪಿಗೆ ಹತ್ತು ಸದಸ್ಯರು: ಅಲನೀನ್, ಗ್ಲೈಸೀನ್, ಐಸೊಲ್ಯೂಸೀನ್, ಲ್ಯೂಸೀನ್, ಮೆಥಿಯೋನೀನ್, ಫೀನೈಲಲನೀನ್, ಪ್ರೋಲೀನ್, ಟ್ರಿಪ್ಟೋಫಾನ್, ಟೈರೋಸೀನ್ ಮತ್ತು ವ್ಯಾಲೀನ್.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಣು ಜೀವಭೌತ ವಿಭಾಗದಿಂದ ಎನ್. ಶ್ರೀನಿವಾಸನ್ ಮತ್ತು ಸಂಗಡಿಗರು 2007ರಲ್ಲಿ ‘ಪಿಕ್’ ಎಂಬ ಗಣನಸಾಧನವನ್ನು ಲೋಕಕ್ಕೆ ನೀಡಿದರು. ಪ್ರೋಟೀನಿನೊಳಗಿನ ಪರಸ್ಪರ ಆಕರ್ಷಣೆಗಳನ್ನು ಲೆಕ್ಕ ಹಾಕಿ, ಅವನ್ನು ರಾಸ್‌ಮೋಲ್ ಮತ್ತು ಜೆಮೋಲ್‌ಗಳ ಮೂಲಕವೇ ಚಿತ್ರವಾಗಿ ತೋರಿಸುವ ಸಾಧನ ಅದು. ಜಲವಿಮುಖಿಗಳ ನಡುವಿನ ಆಕರ್ಷಣೆಯನ್ನು ಎಣಿಸಲು ಅದು ಬಳಸುವ ಪಟ್ಟಿಯಲ್ಲಿ ಒಂಬತ್ತು ಹೆಸರುಗಳಿವೆ. ಮೇಲಿನ ಹತ್ತರಲ್ಲಿ ಗ್ಲೈಸೀನ್ ಮಾತ್ರ ಅಲ್ಲಿಲ್ಲ.

ಒಂದು ಹೆಸರಿನ ವ್ಯತ್ಯಾಸ ಅಲ್ಪವೆಂದು ತೋರಬಹುದು. ರೇಷ್ಮೆಯ ಮೇಲೆ ಇವೆರಡನ್ನೂ ಪ್ರಯೋಗಿಸಿದರೆ ಅದರ ಗುರುತ್ವ ತಿಳಿಯುತ್ತದೆ. ಹತ್ತು ಹೆಸರಿನ ಪಟ್ಟಿಯಂತೆ ಆರು ಮಣಿಗಳ ಆವರ್ತನೆಯಲ್ಲಿ ಐದು ಮಣಿಗಳು ಜಲವಿಮುಖಿಗಳು. ಒಂಬತ್ತರ ಪಟ್ಟಿಯಂತೆ ಎರಡೇ. ಇಡೀ ದೊಡ್ಡ ಸರವನ್ನು, ಪ್ರಮುಖವಾದ ಐದು ಅಮೈನೋ ಆಮ್ಲಗಳನ್ನಷ್ಟೇ ಗಣಿಸಿ ನೋಡಿದರೆ, ಮೊದಲ ಲೆಕ್ಕದಲ್ಲಿ ಗ್ಲೈಸೀನ್, ಅಲನೀನ್, ಟೈರೋಸೀನ್, ವ್ಯಾಲೀನ್ ಸೇರಿ ನೂರಕ್ಕೆ 83.3, ಎರಡನೆಯ ಲೆಕ್ಕದಲ್ಲಿ ಗ್ಲೈಸೀನನ್ನು ಕಳೆದು 37.4. ಅದೇ ವಿಜಯಪುರದ ಗೂಡಿನ ಎಳೆಯನ್ನು ಒಬ್ಬ ವಿದ್ಯಾರ್ಥಿ ಬಹುಪಾಲು ಜಲವಿಮುಖಿಯೆಂದೂ, ಇನ್ನೊಬ್ಬನು ಅರ್ಧಕ್ಕಿಂತ ಕಡಿಮೆಯೆಂದೂ ಬರೆಯುವನು. ಇಬ್ಬರ ಗಣಿತವೂ ಸರಿಯಾಗಿರುತ್ತದೆ.

ಈ ಭೇದಕ್ಕೆ ರಸಾಯನಶಾಸ್ತ್ರದಲ್ಲಿಯೇ ಕಾರಣವಿದೆ. ಇತರ ಅಮೈನೋ ಆಮ್ಲಗಳಿಗೆ ಇರುವಂತಹ ಪಕ್ಕದ ಕವಲು ಗ್ಲೈಸೀನಿಗೆ ಇಲ್ಲ. ಆ ಸ್ಥಾನದಲ್ಲಿ ಒಂದೇ ಒಂದು ಜಲಜನಕ ಪರಮಾಣು ಇದೆ. ನೀರನ್ನು ಪ್ರೀತಿಸುವ ಅಂಶವೇನೂ ಅದರ ಕವಲಿನಲ್ಲಿ ಇಲ್ಲವಾದ್ದರಿಂದ ಅದನ್ನು ಜಲವಿಮುಖಿಗಳೊಡನೆ ಎಣಿಸಬಹುದು. ಇತರ ಜಲವಿಮುಖಿಗಳನ್ನು ಅಪ್ಪಿಕೊಳ್ಳುವಷ್ಟು ದೊಡ್ಡ ಕವಲು ಇಲ್ಲವಾದ್ದರಿಂದ ಬಿಡಲೂಬಹುದು. ಚಿತ್ರಕ್ಕೆ ಬಣ್ಣ ಕೊಡುವುದು ಒಂದು ಉದ್ದೇಶ. ಆಕರ್ಷಣೆಗಳನ್ನು ಲೆಕ್ಕ ಹಾಕುವುದು ಮತ್ತೊಂದು. ಆಯಾ ಉದ್ದೇಶಕ್ಕೆ ಆಯಾ ಪಟ್ಟಿ ಹೊಂದುತ್ತದೆ. ಆದುದರಿಂದ ಯಾವ ಪಟ್ಟಿ ಸರಿ ಎಂಬುದಕ್ಕಿಂತ, ಯಾವ ಪಟ್ಟಿಯನ್ನು ಬಳಸಲಾಗಿದೆ ಎಂಬುದನ್ನು ನೋಡುವವನಿಗೆ ತಿಳಿಸಲಾಗಿದೆಯೇ ಎಂಬುದೇ ಮುಖ್ಯ ಪ್ರಶ್ನೆ.

ಹಿಸ್ಟಿಡೀನ್ ಎಂಬ ಅಮೈನೋ ಆಮ್ಲದ್ದೂ ಇಂತಹುದೇ ಕಥೆ. ರಾಸ್‌ಮೋಲ್ ಮತ್ತು ಜೆಮೋಲ್‌ಗಳು ಅದನ್ನು ಪ್ರತ್ಯಾಮ್ಲಗಳ ಗುಂಪಿನಲ್ಲಿ ಇಟ್ಟಿವೆ. ಆದರೆ ಅದು ಧನ ವಿದ್ಯುದಂಶವನ್ನು ಹೊತ್ತಿರುವುದೋ ಇಲ್ಲವೋ ಎಂಬುದು ಸುತ್ತಲಿನ ದ್ರವದ ಆಮ್ಲೀಯತೆಯನ್ನು ಅವಲಂಬಿಸಿದೆ. ಆಮ್ಲೀಯವೂ ಅಲ್ಲದ, ಕ್ಷಾರೀಯವೂ ಅಲ್ಲದ ನೀರಿನಲ್ಲಿ ಅದರ ಬಹುಭಾಗಕ್ಕೆ ವಿದ್ಯುದಂಶವಿರುವುದಿಲ್ಲ. ಪಟ್ಟಿಯಲ್ಲಿ ಹೆಸರು ಒಂದೇ ಕಡೆ ಇರಬೇಕು. ನಿಸರ್ಗದಲ್ಲಿ ವಸ್ತು ಎರಡು ಕಡೆಯೂ ಇರಬಲ್ಲದು.

ಬೆಂಗಳೂರಿನಲ್ಲಿ ಪರಿಷ್ಕೃತವಾದ ಒಂದು ವ್ಯಾಖ್ಯೆ

ರೇಷ್ಮೆಯ ಹಾಳೆಗಳನ್ನು ಹಿಡಿದಿಟ್ಟ ಜಲಜನಕ ಬಂಧದ ವ್ಯಾಖ್ಯೆಯೇ ದೀರ್ಘಕಾಲ ಚರ್ಚೆಯಲ್ಲಿತ್ತು. ಶುದ್ಧ ಮತ್ತು ಅನ್ವಯಿಕ ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಒಕ್ಕೂಟವು 2004ರಲ್ಲಿ ಈ ಕಾರ್ಯಕ್ಕೆ ಒಂದು ತಂಡವನ್ನು ನಿಯೋಜಿಸಿತು. ಅದರ ನೇತೃತ್ವ ವಹಿಸಿದವರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಇ. ಅರುಣನ್ ಅವರು ಪ್ರಮುಖರು. ಜಿ. ಆರ್. ದೇಸಿರಾಜು ಅವರೂ ಸೇರಿದಂತೆ ಹಲವು ದೇಶಗಳ 14 ಮಂದಿ ವಿದ್ವಾಂಸರ ಹೆಸರಿನಲ್ಲಿ 2011ರಲ್ಲಿ ಹೊಸ ವ್ಯಾಖ್ಯೆ ಪ್ರಕಟವಾಯಿತು. ತನಗಿಂತ ಹೆಚ್ಚು ವಿದ್ಯುದಾಕರ್ಷಣೆಯುಳ್ಳ ಪರಮಾಣುವಿಗೆ ಅಂಟಿಕೊಂಡ ಜಲಜನಕಕ್ಕೂ, ಅದೇ ಅಣುವಿನ ಅಥವಾ ಬೇರೆ ಅಣುವಿನ ಇನ್ನೊಂದು ಪರಮಾಣುವಿಗೂ ಪರಮಾಣು ಸಮೂಹಕ್ಕೂ ನಡುವೆ ಆಕರ್ಷಣೆಯಿದ್ದು, ಬಂಧವೇರ್ಪಟ್ಟಿರುವುದಕ್ಕೆ ಪುರಾವೆಯಿರಬೇಕು ಎಂಬುದು ಅದರ ಸಾರ. ಆ ಪುರಾವೆಗಳು ಯಾವುವು ಎಂಬುದನ್ನು ಅದರ ಜೊತೆಗೆ ಬೇರೆಯಾಗಿ ಪಟ್ಟಿ ಮಾಡಲಾಯಿತು. ಬಂಧದ ಕೋನವು 180 ಅಂಶದತ್ತ ಒಲಿಯುವುದೆಂದೂ, 110 ಅಂಶಕ್ಕಿಂತ ಹೆಚ್ಚಿರುವುದು ಮೇಲೆಂದೂ ಸೂಚಿಸಲಾಯಿತು. ಆದರೆ ಇಷ್ಟೇ ದೂರ ಎಂದು ಒಂದು ಸಂಖ್ಯೆಯ ಗೆರೆಯನ್ನು ವ್ಯಾಖ್ಯೆಯಲ್ಲಿ ಎಳೆಯಲಿಲ್ಲ.

ತಂತ್ರಾಂಶವು ಗೆರೆಯಿಲ್ಲದೆ ನಡೆಯಲಾರದು. ಒಂದು ಚುಕ್ಕೆಗೆರೆಯನ್ನು ಎಳೆಯಬೇಕೇ ಬಿಡಬೇಕೇ ಎಂಬುದಕ್ಕೆ ಅದಕ್ಕೆ ಹೌದು ಅಥವಾ ಅಲ್ಲ ಎಂಬ ಉತ್ತರ ಬೇಕು. ಪಿಕ್ ಸಾಧನವು ಆಮ್ಲಜನಕ, ಸಾರಜನಕಗಳಿಗೆ 3.5 ಆಂಗ್‌ಸ್ಟ್ರಾಂ ಮಿತಿಯನ್ನು ಇಟ್ಟುಕೊಂಡಿದೆ. ಜೆಮೋಲ್ ದೂರವನ್ನೇ ಆಧಾರವಾಗಿ ಹಿಡಿದು ಎಣಿಸುವಾಗ ಅದರ ಪೂರ್ವನಿಯತ ಮಿತಿ 3.25. ರಾಸ್‌ಮೋಲ್ ಪ್ರೋಟೀನುಗಳಲ್ಲಿ ದೂರದ ಬದಲು, 1983ರಲ್ಲಿ ಕಾಬ್ಷ್ ಮತ್ತು ಸ್ಯಾಂಡರ್ ಅವರು ಸೂಚಿಸಿದ ಶಕ್ತಿಯ ಲೆಕ್ಕವನ್ನು ಅನುಸರಿಸುತ್ತದೆ. ಹೀಗಾಗಿ 3.4 ಆಂಗ್‌ಸ್ಟ್ರಾಂ ಅಂತರದ ಒಂದು ಜೋಡಿ ಒಂದೆಡೆ ಬಂಧವೆನಿಸಿ ಮತ್ತೊಂದೆಡೆ ಕಾಣದೆ ಹೋಗಬಹುದು. ತೆರೆಯ ಮೇಲೆ ಗೆರೆ ಇಲ್ಲದಿರುವುದರಿಂದ ನಿಸರ್ಗದಲ್ಲಿ ಬಂಧವಿಲ್ಲವೆಂದು ಹೇಳಲಾಗದು.

ಇಂತಹ ಸಂದರ್ಭದಲ್ಲಿ ಪ್ರಾಮಾಣಿಕವಾಗಿ ನಡೆದುಕೊಳ್ಳುವ ಬಗೆಗೆ ಹಳೆಯದೊಂದು ಮೇಲ್ಪಂಕ್ತಿ ಇದೆ. ಮದರಾಸು ವಿಶ್ವವಿದ್ಯಾಲಯದಲ್ಲಿದ್ದ ಜಿ. ಎನ್. ರಾಮಚಂದ್ರನ್ ಅವರು ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಅವರೊಡನೆ 1963ರಲ್ಲಿ, ಪ್ರೋಟೀನಿನ ಸರವು ಯಾವ ಯಾವ ಕೋನಗಳಲ್ಲಿ ತಿರುಗಬಲ್ಲದೆಂಬುದನ್ನು ತೋರಿಸುವ ನಕ್ಷೆಯನ್ನು ಪ್ರಕಟಿಸಿದರು. ಪರಮಾಣುಗಳು ಎಷ್ಟು ಹತ್ತಿರ ಬರಬಹುದು ಎಂಬುದಕ್ಕೆ ಅವರು ಒಂದೇ ಮಿತಿಯನ್ನು ಹೇಳದೆ ಎರಡನ್ನು ಇಟ್ಟರು: ಸಾಮಾನ್ಯವಾಗಿ ಒಪ್ಪುವ ಮಿತಿ, ಮತ್ತು ಅಪರೂಪಕ್ಕೆ ಒಪ್ಪಬಹುದಾದ ಕೊನೆಯ ಮಿತಿ. ಎರಡು ಆಮ್ಲಜನಕ ಪರಮಾಣುಗಳಿಗೆ ಅವು 2.7 ಮತ್ತು 2.6 ಆಂಗ್‌ಸ್ಟ್ರಾಂ. ನಕ್ಷೆಯಲ್ಲಿಯೂ ಎರಡಕ್ಕೂ ಪ್ರತ್ಯೇಕ ಎಲ್ಲೆಗಳನ್ನು ಬರೆಯಲಾಯಿತು. ಅನಿಶ್ಚಯವನ್ನು ಮುಚ್ಚದೆ ಅದನ್ನೇ ಅಳತೆಯಾಗಿ ತೋರಿಸಿದ್ದರಿಂದ ಮುಂದಿನವರಿಗೆ ಆ ನಕ್ಷೆಯನ್ನು ಪರೀಕ್ಷಿಸುವುದೂ ತಿದ್ದುವುದೂ ಸಾಧ್ಯವಾಯಿತು. ಅದೇ ರಾಮಚಂದ್ರನ್ ಅವರು 1970ರ ದಶಕದ ಆರಂಭದಲ್ಲಿ ಬೆಂಗಳೂರಿಗೆ ಬಂದು, ಪಿಕ್ ಸಾಧನವು ಮುಂದೆ ಹುಟ್ಟಿಬಂದ ಅಣು ಜೀವಭೌತ ವಿಭಾಗವನ್ನು ಕಟ್ಟಿದರು.

ಹೆಸರುಗಳು ಬದಲಾದಾಗ

ವ್ಯಾಖ್ಯೆಯನ್ನು ಒಮ್ಮೆ ಬರೆದರೆ ಕೆಲಸ ಮುಗಿಯುವುದಿಲ್ಲ. 2007ರಲ್ಲಿ ಪ್ರೋಟೀನ್ ದತ್ತಕೋಶದ ಹಳೆಯ ದಾಖಲೆಗಳೆಲ್ಲ ಪರಿಷ್ಕಾರಗೊಂಡವು. ಅಲ್ಲಿಯವರೆಗೆ ಡಿ.ಎನ್.ಎ. ಮತ್ತು ಆರ್.ಎನ್.ಎ. ಎರಡರ ಘಟಕಗಳಿಗೂ ಎ, ಸಿ, ಜಿ ಎಂಬ ಒಂದೇ ಅಕ್ಷರದ ಹೆಸರುಗಳಿದ್ದವು. ಪರಿಷ್ಕಾರದ ನಂತರ ಡಿ.ಎನ್.ಎ.ಯ ಘಟಕಗಳು ಡಿಎ, ಡಿಸಿ, ಡಿಜಿ, ಡಿಟಿ ಎಂದಾದವು. ಸಕ್ಕರೆಯ ಭಾಗದ ಪರಮಾಣುಗಳ ಹೆಸರಿನಲ್ಲಿದ್ದ ನಕ್ಷತ್ರ ಚಿಹ್ನೆಯ ಬದಲು ಮೇಲಡ್ಡ ಗೀಟು ಬಂದಿತು. ಹೊಸ ಹೆಸರನ್ನು ಕಲಿಯದ ತಂತ್ರಾಂಶವು ಹೊಸ ದಾಖಲೆಯಲ್ಲಿರುವ ಡಿ.ಎನ್.ಎ.ಯನ್ನು ಗುರುತಿಸಲಾರದು, ಹಳೆಯದನ್ನು ಅಳಿಸಿಹಾಕಿದ ತಂತ್ರಾಂಶವು ಹಳೆಯ ಕಡತಗಳನ್ನು ಓದಲಾರದು. ಆದುದರಿಂದ ಪಾಲಕರು ಎರಡನ್ನೂ ಉಳಿಸಿಕೊಳ್ಳಬೇಕಾಗುತ್ತದೆ.

ಇನ್ನೊಂದು ಸಂದರ್ಭ ಮತ್ತೂ ಸ್ವಾರಸ್ಯವಾದುದು. ರಚನೆಗಳಲ್ಲಿ ಕಂಡುಬರುವ ಪ್ರತಿಯೊಂದು ರಾಸಾಯನಿಕ ಘಟಕಕ್ಕೂ ಮೂರು ಅಕ್ಷರದ ಸಂಕೇತ ಕೊಡುವುದು ರೂಢಿ. 26 ಅಕ್ಷರಗಳೂ 10 ಅಂಕಿಗಳೂ ಸೇರಿ 36 ಚಿಹ್ನೆಗಳು. ಮೂರು ಸ್ಥಾನಗಳಲ್ಲಿ ಅವನ್ನು ಜೋಡಿಸಿದರೆ 46,656 ಸಂಕೇತಗಳಿಗಿಂತ ಹೆಚ್ಚು ದೊರೆಯವು. ಆ ಭಂಡಾರ ಬರಿದಾದ ಕಾರಣ 2023ರ ಕೊನೆಯಿಂದ ಐದು ಚಿಹ್ನೆಗಳ ಸಂಕೇತಗಳನ್ನು ಕೊಡಲು ತೊಡಗಲಾಯಿತು. ಹಳೆಯ ರೂಪದ ಕಡತದ ಸಾಲಿನಲ್ಲಿ ಈ ಹೆಸರಿಗೆ ಮೀಸಲಿಟ್ಟ ಮನೆಗಳು ಮೂರೇ ಆದ್ದರಿಂದ ಹೊಸ ಸಂಕೇತಕ್ಕೆ ಅಲ್ಲಿ ಸ್ಥಳವಿಲ್ಲ. ದಶಕಗಳ ಹಿಂದೆ ಯಾರೋ ಮೂರು ಮನೆ ಸಾಕೆಂದು ಎಣಿಸಿದ್ದರ ಪರಿಣಾಮವನ್ನು ಇಂದಿನ ಪಾಲಕರು ನಿಭಾಯಿಸುತ್ತಿದ್ದಾರೆ.

ಸೂತ್ರ, ವೃತ್ತಿ, ಪ್ರಯೋಗ

ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಕನ್ನಡದ ವ್ಯಾಕರಣವನ್ನು ನಿರೂಪಿಸಿದ ಕ್ರಮ ಕನ್ನಡದ ಉಪಾಧ್ಯಾಯರಿಗೆ ಪರಿಚಿತವಾದುದು. ಮೊದಲು ನಿಯಮವನ್ನು ಹೇಳುವ ಸೂತ್ರ. ಬಳಿಕ ಅದನ್ನು ಬಿಡಿಸುವ ವೃತ್ತಿ. ಕೊನೆಯಲ್ಲಿ ಕವಿಗಳ ಬಳಕೆಯಿಂದ ಆಯ್ದ ಪ್ರಯೋಗ. ಮುಕ್ತ ತಂತ್ರಾಂಶದಲ್ಲಿ ವ್ಯಾಖ್ಯೆಗಳನ್ನು ಪಾಲಿಸುವವರು ಅನುಸರಿಸಬೇಕಾದ ಕ್ರಮವೂ ಇದಕ್ಕೆ ದೂರವಾದುದಲ್ಲ. ಮೂಲಪಾಠದಲ್ಲಿರುವ ಪಟ್ಟಿಯೋ ಸಂಖ್ಯೆಯೋ ಸೂತ್ರ. ಅದನ್ನು ಏಕೆ ಆರಿಸಲಾಯಿತು, ಯಾವ ಗ್ರಂಥದ ಆಧಾರ, ಎಂದು ಬದಲಾಯಿತು ಎಂಬ ಟಿಪ್ಪಣಿ ವೃತ್ತಿ. ಬದಲಾವಣೆಯ ನಂತರವೂ ಹಳೆಯ ಅಣುಗಳ ಚಿತ್ರ ಸರಿಯಾಗಿ ಬರುವುದೇ ಎಂದು ನೋಡುವ ಪರೀಕ್ಷಾ ಕಡತಗಳು ಪ್ರಯೋಗ. ಮೂರರಲ್ಲಿ ಒಂದು ಲೋಪವಾದರೂ ಮುಂದಿನ ಪಾಲಕನು ಕತ್ತಲೆಯಲ್ಲಿ ತಡಕಾಡಬೇಕಾಗುತ್ತದೆ.

ಈ ಹೊಣೆಯನ್ನು ಹಂಚಿಕೊಳ್ಳಲು 2005ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋ ನಗರದಲ್ಲಿ ಕೆಲವು ರಸಾಯನ ಗಣಕತಜ್ಞರು ‘ಬ್ಲೂ ಒಬೆಲಿಸ್ಕ್’ ಎಂಬ ಬಳಗವನ್ನು ಕಟ್ಟಿದರು. ಮೂಲವಸ್ತುಗಳ ಹೆಸರು, ತೂಕ, ತ್ರಿಜ್ಯ ಮುಂತಾದ ಮಾಹಿತಿಯನ್ನು ಪ್ರತಿಯೊಂದು ತಂತ್ರಾಂಶವೂ ಬೇರೆ ಬೇರೆಯಾಗಿ ಬರೆದುಕೊಳ್ಳುವ ಬದಲು, ಆಧಾರ ಸಹಿತವಾಗಿ ಒಂದೆಡೆ ಇಟ್ಟು ಎಲ್ಲರೂ ಬಳಸುವಂತೆ ಮಾಡುವುದು ಅವರ ಉದ್ದೇಶಗಳಲ್ಲಿ ಒಂದಾಗಿತ್ತು. ಊರಿಗೆಲ್ಲ ಒಂದೇ ತೂಕದ ಕಲ್ಲು ಇದ್ದರೆ, ತಪ್ಪು ಕಂಡಾಗ ತಿದ್ದಬೇಕಾದುದೂ ಒಂದೇ ಕಲ್ಲು.

ಶಾಲೆಗೆ ಇದರಿಂದ ಆಗಬೇಕಾದುದೇನು

ಪ್ರೌಢಶಾಲೆಯ ವಿಜ್ಞಾನದ ಉಪಾಧ್ಯಾಯರು ಈ ವಿಷಯವನ್ನು ಎರಡು ತರಗತಿಗಳ ಪಾಠವಾಗಿ ಮಾಡಬಹುದು. ಮೊದಲ ತರಗತಿಗೆ ಗಣಕಯಂತ್ರವೇ ಬೇಡ. ರೇಷ್ಮೆಯ ಆರು ಮಣಿಗಳ ಆವರ್ತನೆಯನ್ನು ಕರಿಹಲಗೆಯ ಮೇಲೆ ಬರೆದು, ತರಗತಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ ಹತ್ತು ಹೆಸರಿನ ಪಟ್ಟಿಯನ್ನೂ ಇನ್ನೊಂದಕ್ಕೆ ಒಂಬತ್ತರದನ್ನೂ ಗುಟ್ಟಾಗಿ ಕೊಡಬೇಕು. ಐದು ಮತ್ತು ಎರಡು ಎಂಬ ಉತ್ತರಗಳು ಬಂದಾಗ ಮಕ್ಕಳು ತಾವಾಗಿಯೇ ವಾದಿಸುವರು. ಪಟ್ಟಿಗಳನ್ನು ಎದುರಿಗಿಟ್ಟು ತೋರಿಸಿದಾಗ ವ್ಯಾಖ್ಯೆ ಎಂದರೇನೆಂಬುದು ಅವರಿಗೆ ಮನದಟ್ಟಾಗುವುದು. ಎರಡನೆಯ ತರಗತಿಯಲ್ಲಿ ಜೆಮೋಲ್‌ನಂತಹ ತಂತ್ರಾಂಶದಲ್ಲಿ ಒಂದು ಪ್ರೋಟೀನನ್ನು ತೆರೆದು, ಜಲಜನಕ ಬಂಧದ ಮಿತಿಯನ್ನು ಸ್ವಲ್ಪ ಸ್ವಲ್ಪವಾಗಿ ಬದಲಿಸಿ, ಗೆರೆಗಳು ಹೆಚ್ಚುಕಡಿಮೆಯಾಗುವುದನ್ನು ತೋರಿಸಬಹುದು. ಮಕ್ಕಳು ಬರೆಯುವ ಪ್ರತಿಯೊಂದು ಚಿತ್ರದ ಕೆಳಗೂ ತಂತ್ರಾಂಶದ ಹೆಸರು, ಆವೃತ್ತಿ, ಬಳಸಿದ ಪಟ್ಟಿ ಮತ್ತು ಮಿತಿ, ಈ ನಾಲ್ಕನ್ನು ಬರೆಸುವುದು ಅಗತ್ಯ.

ಶಾಲೆಗೆ ಗಣಕಯಂತ್ರಗಳನ್ನು ಕೊಡಿಸುವ ದಾನಿಗಳ ಔದಾರ್ಯ ಸ್ಮರಣೀಯವಾದುದು. ಯಂತ್ರವು ಕೊಠಡಿಗೆ ಬಂದ ಮೇಲೆ ಅದರ ತೆರೆಯಲ್ಲಿ ಮೂಡಿದುದನ್ನೆಲ್ಲ ಪ್ರಮಾಣವೆಂದು ನಂಬುವ ಅಭ್ಯಾಸ ಬೆಳೆದರೆ, ಆ ಔದಾರ್ಯದ ಫಲ ಅರ್ಧವೇ ದೊರೆತಂತೆ. ಮುಕ್ತ ತಂತ್ರಾಂಶದ ವಿಶೇಷ ಗುಣವೆಂದರೆ, ಚಿತ್ರದ ಹಿಂದಿರುವ ವ್ಯಾಖ್ಯೆಯನ್ನು ತೆರೆದು ಓದುವ ಹಕ್ಕು ಹಳ್ಳಿಯ ಶಾಲೆಯ ವಿದ್ಯಾರ್ಥಿಗೂ ಮಹಾನಗರದ ಸಂಶೋಧಕನಿಗೂ ಸಮಾನವಾಗಿರುವುದು. ತಪ್ಪನ್ನು ಕಂಡರೆ ಆಧಾರ ಸಹಿತ ತಿಳಿಸುವ ದಾರಿಯೂ ಇಬ್ಬರಿಗೂ ತೆರೆದಿದೆ. ಆ ಹಕ್ಕನ್ನು ಬಳಸಲು ಬೇಕಾದ ತಿಳಿವಳಿಕೆಯನ್ನು ಉಪಾಧ್ಯಾಯರು ಕೊಡಬೇಕು. ಅದಕ್ಕೆ ಬೇಕಾದ ಕಾಲಾವಕಾಶವನ್ನು ಶಾಲೆ ಒದಗಿಸಬೇಕು.

ದೊಡ್ಡಬಳ್ಳಾಪುರದ ನೇಕಾರನು ನೂಲಿನ ಚೀಟಿಯಲ್ಲಿ ಸಂಖ್ಯೆಯನ್ನು ಕಂಡೊಡನೆ ಅದು ಯಾವ ಮಾನದ್ದೆಂದು ಕೇಳುತ್ತಾನೆ. ಅವನ ಮಗ ಅಥವಾ ಮಗಳು, ಅದೇ ರೇಷ್ಮೆಯ ಅಣುಚಿತ್ರವನ್ನು ಶಾಲೆಯಲ್ಲಿ ನೋಡುವಾಗ, ಈ ಬಣ್ಣ ಯಾವ ಪಟ್ಟಿಯದು, ಈ ಗೆರೆ ಯಾವ ಮಿತಿಯದು ಎಂದು ಕೇಳುವಂತಾದರೆ ವಿಜ್ಞಾನದ ಪಾಠವು ತನ್ನ ಉದ್ದೇಶವನ್ನು ಮುಟ್ಟಿತೆಂದು ತಿಳಿಯಬಹುದು.